ಜನವರಿ ಬಂತು, ಅತ್ತೂರು ಹಬ್ಬ ಬಂತು

ಹೈದರಾಬಾದಿನಲ್ಲಿ ನೆಲೆಸಿದ ಕರಾವಳಿಯವರಿಗೆ ಜನವರಿ ಬಂತೆಂದರೆ ಕಾರ್ಕಳದ ಅತ್ತೂರು ನೆನಪಾಗುತ್ತದೆ. ಅಲ್ಲಿ ಸಂತ ಲಾರೆನ್ಸರ ವಾರ್ಷಿಕ ಹಬ್ಬ.

ಯಾರೀ ಲಾರೆನ್ಸ್? ರೋಮಿನ ಚರ್ಚಿನಲ್ಲಿ ಬಡವರಿಗೆ ದಾನ ಹಂಚುತ್ತಿದ್ದವರು. ಚರ್ಚಿನ ಸಂಪತ್ತು ಒಪ್ಪಿಸೆಂದು ಅಧಿಕಾರಿ ಕೇಳಿದಾಗ ಬಡವರನ್ನು, ರೋಗಿಗಳನ್ನು ಕರೆತಂದು "ಇವರೇ ನಮ್ಮ ಸಂಪತ್ತು" ಎಂದರಂತೆ. ಕ್ರಿ.ಶ. 258ರಲ್ಲಿ ಹುತಾತ್ಮರಾದರು. ಆಗಸ್ಟ್ 10 ಅವರ ಸ್ಮರಣೆಯ ದಿನ. ಆಗ ಕರಾವಳಿಯಲ್ಲಿ ಮಳೆಗಾಲ. ಅತ್ತೂರಿನ ದೊಡ್ಡ ಹಬ್ಬ ಮಾತ್ರ ಜನವರಿಯಲ್ಲಿ, ಹಲವು ದಿನ. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಜನ ಬಂದು ಮೊಂಬತ್ತಿ ಹಚ್ಚುತ್ತಾರೆ, ಪುಷ್ಕರಿಣಿಯ ನೀರು ಒಯ್ಯುತ್ತಾರೆ. 2016ರಲ್ಲಿ ಈ ಚರ್ಚ್ ಬಸಿಲಿಕಾ ಆಯಿತು.

ಈ ಸಲ ಊರಿಗೆ ಹೋಗಲು ರಜೆ ಸಿಗಲಿಲ್ಲವೇ? ನಿಮ್ಮ ಬೀದಿಯ ಹಸಿದವರೊಬ್ಬರಿಗೆ ಊಟ ಕೊಡಿ. ಲಾರೆನ್ಸರು ತೋರಿಸಿದ ಸಂಪತ್ತು ಇಲ್ಲೂ ಇದೆಯಲ್ಲವೇ?