ಬೆಟ್ಟ ಮೊದಲು, ಆ್ಯಂಟೆನಾ ಆಮೇಲೆ



ತಿಂಗಳು ತಿಂಗಳು ದುಡ್ಡು ಕಟ್ಟದೆ ಮನೆಯಲ್ಲಿ ಟಿವಿ ನೋಡಬೇಕಾದರೆ ಯಾವ ಆ್ಯಂಟೆನಾ ಹಾಕಿಸಬೇಕು? ಊಟಿ, ಕೂನೂರು, ಗೂಡಲೂರು, ಮಸಿನಗುಡಿಯ ಮನೆಗಳಲ್ಲಿ ದಶಕಗಳಿಂದ ಕೇಳಿಬರುತ್ತಿರುವ ಪ್ರಶ್ನೆ ಇದು. ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಬಯಲುಸೀಮೆಯವರಿಗೆ ಇದು ಅಂಗಡಿಯಲ್ಲಿ ತೀರ್ಮಾನವಾಗುವ ವಿಷಯ. ನೀಲಗಿರಿಯಲ್ಲಿ ಹಾಗಲ್ಲ. ಪ್ರಸಾರ ಯಾವ ದಿಕ್ಕಿನಿಂದ ಬರುತ್ತಿದೆ, ಅದಕ್ಕೂ ನಮ್ಮ ಮನೆಗೂ ನಡುವೆ ಯಾವ ಬೆಟ್ಟ ನಿಂತಿದೆ ಎಂಬುದನ್ನು ಮೊದಲು ತಿಳಿಯಬೇಕು. ಇಲ್ಲಿ ಬೆಟ್ಟ ಮೊದಲು, ಆ್ಯಂಟೆನಾ ಆಮೇಲೆ. ಮನೆಯ ಆ್ಯಂಟೆನಾ ನಡೆದುಬಂದ ದಾರಿಯನ್ನು ನೋಡಿದರೆ ಈ ಮಾತು ತಾನಾಗಿ ಮನದಟ್ಟಾಗುತ್ತದೆ.

ಹಳೆಯ ಮಾಡುಗಳ ಮೇಲೆ ಮೀನಿನ ಮುಳ್ಳಿನ ಹಾಗೆ ಅಡ್ಡ ಕಡ್ಡಿಗಳಿರುವ ಅಲ್ಯೂಮಿನಿಯಂ ಆ್ಯಂಟೆನಾ ಕಂಡಿದ್ದೀರಲ್ಲ, ಅದು ಹುಟ್ಟಿದ್ದು ಜಪಾನಿನಲ್ಲಿ. 1926ರಲ್ಲಿ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ ಅದನ್ನು ರೂಪಿಸಿದರು. ಯಾಗಿ-ಉಡಾ ಆ್ಯಂಟೆನಾ ಎಂದೇ ಅದಕ್ಕೆ ಹೆಸರು. ಅದರ ರಚನೆ ಬಲು ಸರಳ. ನಡುವಿನ ಮಡಚಿದ ಕಡ್ಡಿ ಡೈಪೋಲ್. ಟಿವಿಗೆ ಹೋಗುವ ತಂತಿ ಸೇರುವುದು ಅದಕ್ಕೆ ಮಾತ್ರ. ಹಿಂದೆ ತುಸು ಉದ್ದನೆಯ ಒಂದು ಕಡ್ಡಿ, ಮುಂದೆ ತುಸು ಗಿಡ್ಡನೆಯ ಹಲವು ಕಡ್ಡಿಗಳು. ಇವಕ್ಕೆ ತಂತಿಯ ಸಂಬಂಧವೇ ಇಲ್ಲ. ಆದರೂ ಹಿಂದಿನದು ತರಂಗವನ್ನು ಡೈಪೋಲಿನ ಕಡೆ ತಿರುಗಿಸುತ್ತದೆ, ಮುಂದಿನವು ಅದನ್ನು ಒಳಕ್ಕೆ ಬರಮಾಡಿಕೊಳ್ಳುತ್ತವೆ. ಹಾಗಾಗಿ ಈ ಆ್ಯಂಟೆನಾ ಮುಖ ಮಾಡಿದ ದಿಕ್ಕಿನಿಂದ ಬರುವುದನ್ನು ಬಲವಾಗಿ ಹಿಡಿಯುತ್ತದೆ, ಉಳಿದ ದಿಕ್ಕುಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಒಬ್ಬರು ಮಾಡಿನ ಮೇಲೆ ಹತ್ತಿ ಕಂಬ ತಿರುಗಿಸುತ್ತ "ಬಂತಾ?" ಎಂದು ಕೂಗುವುದು, ಒಳಗಿನಿಂದ "ಇನ್ನೂ ಸ್ವಲ್ಪ, ಹಾಂ, ಅಲ್ಲೇ ಬಿಡು" ಎಂಬ ಉತ್ತರ ಬರುವುದು ಈ ಕಾರಣಕ್ಕೇ.

ಟಿವಿಯ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಬೆಟ್ಟ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಸಮುದ್ರಮಟ್ಟದಿಂದ 2637 ಮೀಟರ್ ಎತ್ತರದ ದೊಡ್ಡಬೆಟ್ಟದ ತುದಿಯಿಂದ ಮೈಸೂರು ನೇರ ರೇಖೆಯಲ್ಲಿ ಸುಮಾರು 100 ಕಿಲೋಮೀಟರ್. ಲೆಕ್ಕದ ಪ್ರಕಾರ ಆ ತುದಿಯಿಂದ ರೇಡಿಯೋ ತರಂಗದ ದಿಗಂತ ಅದಕ್ಕಿಂತ ಬಹಳ ಆಚೆಗಿದೆ. ಆದರೆ ನಾವು ದೊಡ್ಡಬೆಟ್ಟದ ತುದಿಯಲ್ಲಿ ಮನೆ ಕಟ್ಟಿಕೊಂಡಿಲ್ಲ. ಊಟಿ ಪಟ್ಟಣ ಅದಕ್ಕಿಂತ ಸುಮಾರು 400 ಮೀಟರ್ ಕೆಳಗೆ, ಸುತ್ತಲೂ ಬೆಟ್ಟಗಳಿರುವ ತಗ್ಗಿನಲ್ಲಿದೆ. ಮಸಿನಗುಡಿಗೆ ದಕ್ಷಿಣದಲ್ಲಿ ನೀಲಗಿರಿಯ ಗೋಡೆ ಎದ್ದಿದೆ. ಉತ್ತರಕ್ಕೆ, ಮೈಸೂರಿನ ಕಡೆಗೆ, ನೋಟ ಬಿಚ್ಚಿಕೊಳ್ಳುತ್ತದೆ. ಗೂಡಲೂರಿನ ಮುಖ ವಯನಾಡಿನತ್ತ. ಕೂನೂರು, ಕೋತಗಿರಿಯ ಇಳಿಜಾರುಗಳು ಕೊಯಮತ್ತೂರು ಬಯಲಿನತ್ತ. ಒಂದೇ ಜಿಲ್ಲೆ, ನಾಲ್ಕು ದಿಕ್ಕಿನ ಆಕಾಶ. ಒಂದೂರಿನ ಮಾಡಿಗೆ ಒಗ್ಗಿದ ಆ್ಯಂಟೆನಾ ಇನ್ನೊಂದೂರಿಗೆ ಒಗ್ಗಬೇಕೆಂದಿಲ್ಲ.

ಜಾಗ ನೋಡಿ ಆ್ಯಂಟೆನಾ ಕಟ್ಟುವುದಕ್ಕೆ ಇಡೀ ದೇಶಕ್ಕೇ ಮಾದರಿಯಾದ ಕೆಲಸ ನಮ್ಮ ಊಟಿಯಲ್ಲೇ ನಡೆದಿದೆ. ಮುತ್ತೊರೆಯ ರೇಡಿಯೋ ದೂರದರ್ಶಕ ಅದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1970ರಲ್ಲಿ ಕೆಲಸ ಶುರುಮಾಡಿತು. ಉದ್ದ 530 ಮೀಟರ್, ಅಗಲ 30 ಮೀಟರ್. ಅದರ ನಾಭಿಯ ಉದ್ದಕ್ಕೂ 1056 ಡೈಪೋಲ್‌ಗಳ ಸಾಲು. ನಮ್ಮ ಮಾಡಿನ ಆ್ಯಂಟೆನಾದಲ್ಲಿರುವುದೂ ಅದೇ ತತ್ವದ ಡೈಪೋಲ್. ಸ್ವರೂಪ್ ಮತ್ತು ಅವರ ಸಂಗಡಿಗರು ಹುಡುಕಿದ್ದು ಉತ್ತರ-ದಕ್ಷಿಣವಾಗಿ ಚಾಚಿದ, ಇಲ್ಲಿನ ಅಕ್ಷಾಂಶದಷ್ಟೇ, ಅಂದರೆ ಸುಮಾರು 11 ಡಿಗ್ರಿ ಇಳಿಜಾರಿರುವ ಗುಡ್ಡವನ್ನು. ಅಂಥ ಇಳಿಜಾರಿನ ಮೇಲೆ ಕಟ್ಟಿದ್ದರಿಂದ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತು. ಒಂದೇ ಅಕ್ಷದ ಮೇಲೆ ತಿರುಗುತ್ತ ಅದು ಆಕಾಶದ ಒಂದು ಮೂಲವನ್ನು ಸುಮಾರು ಒಂಬತ್ತು ಗಂಟೆ ಹಿಂಬಾಲಿಸಬಲ್ಲದು. ಅಂಥ ದೊಡ್ಡ ಯಂತ್ರದ ಹಿಂದಿರುವ ವಿವೇಕ ಮನೆಯ ಆ್ಯಂಟೆನಾಕ್ಕೂ ಸಲ್ಲುತ್ತದೆ: ನೆಲದ ಸ್ವಭಾವ ಅರಿತವರಿಗೆ ಬೆಟ್ಟವೇ ನೆರವಾಗುತ್ತದೆ.

ಈಗ ಟಿವಿಯ ಕಥೆಗೆ ಬರೋಣ. ಭಾರತದಲ್ಲಿ ಟಿವಿ ಪ್ರಸಾರ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ, ಪ್ರಯೋಗದ ರೂಪದಲ್ಲಿ. ಮುಂಬಯಿಗೆ ಅದು ಬಂದಾಗ 1972. ಮದರಾಸಿಗೆ ಬಂದದ್ದು 1975ರ ಆಗಸ್ಟ್ 15ರಂದು. ನೀಲಗಿರಿಯಿಂದ ಮದರಾಸು ಬಹಳ ದೂರ. ಅಲ್ಲಿನ ತರಂಗಕ್ಕಾಗಿ ಇಲ್ಲಿ ಕಂಬ ನೆಟ್ಟು ಫಲವಿರಲಿಲ್ಲ.

ಅದೇ 1975ರ ಆಗಸ್ಟ್ ಒಂದರಂದು ಕನ್ನಡ ನಾಡಿನ ಇನ್ನೊಂದು ತುದಿಯಲ್ಲಿ ದೊಡ್ಡ ಪ್ರಯೋಗವೊಂದು ಶುರುವಾಗಿತ್ತು. ಅದರ ಹೆಸರು ಸೈಟ್. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ತಲುಪಿಸಿದರು. ಆ ಆರರಲ್ಲಿ ಕರ್ನಾಟಕವೂ ಒಂದು. ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಡಿಶ್‌ಗಳು ಅಲ್ಲಿ ನಿಂತವು. ಬೆಂಗಳೂರಿಗೇ ಟಿವಿ ಬಾರದಿದ್ದ ಕಾಲದಲ್ಲಿ ಆ ಹಳ್ಳಿಗಳ ಜನ ಸಂಜೆ ಒಟ್ಟಿಗೆ ಕೂತು ಕನ್ನಡದ ಕಾರ್ಯಕ್ರಮ ನೋಡಿದರು. ಒಂದು ವರ್ಷ ನಡೆದ ಈ ಪ್ರಯೋಗ ತೋರಿಸಿಕೊಟ್ಟದ್ದು ಇಷ್ಟು: ತರಂಗ ಮೇಲಿನಿಂದ ಇಳಿದು ಬಂದರೆ ದೂರವೂ ಬೆಟ್ಟವೂ ಲೆಕ್ಕಕ್ಕಿಲ್ಲ. ಅದು ಬಡವರ ಮನೆಮನೆಗೂ ಎಟುಕಲು ಇನ್ನೂ ಸುಮಾರು ಮೂವತ್ತು ವರ್ಷ ಬೇಕಾಯಿತು.

1982ರ ಆಗಸ್ಟ್ 15ರಿಂದ ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಉಪಗ್ರಹದ ಮೂಲಕ ಎಲ್ಲ ಕೇಂದ್ರಗಳಿಗೂ ಹರಿಯಿತು, ಬಣ್ಣವೂ ಬಂತು. ಮುಂದಿನ ವರ್ಷ ಇನ್ಸಾಟ್-1ಬಿ ಹಾರಿತು. 1984ರಲ್ಲಂತೂ ಕೆಲವು ತಿಂಗಳು ದಿನಕ್ಕೊಂದರಂತೆ ಸಣ್ಣ ಮರುಪ್ರಸಾರ ಕೇಂದ್ರಗಳು ದೇಶದಲ್ಲಿ ತಲೆಯೆತ್ತಿದವು. ಇವುಗಳ ಶಕ್ತಿ ಸಾಮಾನ್ಯವಾಗಿ 100 ವಾಟ್, ಹರವು ಹದಿನೈದು-ಇಪ್ಪತ್ತು ಕಿಲೋಮೀಟರ್. ಉಪಗ್ರಹದಿಂದ ಇಳಿದದ್ದನ್ನು ಹಿಡಿದು ಊರಿಗೆ ಹಂಚುವುದು ಅವುಗಳ ಕೆಲಸ. ಇತ್ತ ಎತ್ತರದ ಜಾಗದ ಲಾಭವನ್ನೂ ದೂರದರ್ಶನ ಪಡೆಯಿತು. ಕೊಡೈಕೆನಾಲಿನ ಮೇಲೆ ನಿಲ್ಲಿಸಿದ ಟ್ರಾನ್ಸ್‌ಮಿಟರ್ ದಕ್ಷಿಣ ತಮಿಳುನಾಡಿನ ಬಯಲಿಗೆಲ್ಲ ಚಿತ್ರ ಕೊಟ್ಟಿತು. ಟ್ರಾನ್ಸ್‌ಮಿಟರ್ ಹೊತ್ತ ಬೆಟ್ಟ ಬಯಲಿನವರಿಗೆ ವರ. ನಡುವೆ ಅಡ್ಡ ನಿಂತ ಬೆಟ್ಟ ಕಣಿವೆಯವರಿಗೆ ಕಷ್ಟ.

ರಾಮಾಯಣ, ಮಹಾಭಾರತ ಧಾರಾವಾಹಿಗಳು ಬಂದ, ಶಂಕರ್ ನಾಗ್ ಅವರ ಮಾಲ್ಗುಡಿ ಡೇಸ್ ಬಂದ ಕಾಲ ಅದು. ಆಗ ಆ್ಯಂಟೆನಾ ಆರಿಸುವುದೊಂದು ವಿದ್ಯೆಯೇ ಆಗಿತ್ತು. ಮೊದಲು ನೋಡಬೇಕಾದದ್ದು ಚಾನೆಲ್ ಸಂಖ್ಯೆ. ಎರಡರಿಂದ ನಾಲ್ಕರವರೆಗಿನ ಚಾನೆಲ್‌ಗಳ ತರಂಗ ಉದ್ದ. ಅದಕ್ಕೆ ಎರಡು ಮೀಟರಿಗೂ ಮೀರಿದ ಕಡ್ಡಿ ಬೇಕು. ಐದರಿಂದ ಹನ್ನೆರಡರವರೆಗಿನ ಚಾನೆಲ್‌ಗಳಿಗೆ ಮುಕ್ಕಾಲು ಮೀಟರಿನ ಆಸುಪಾಸು ಸಾಕು. ಯುಎಚ್‌ಎಫ್ ಆದರೆ ಒಂದಡಿ, ಅದಕ್ಕೂ ಕಡಿಮೆ. ಒಂದು ಚಾನೆಲ್ಲಿಗೆ ಅಳೆದ ಆ್ಯಂಟೆನಾ ಇನ್ನೊಂದಕ್ಕೆ ಸರಿಹೊಂದದು. ಆಮೇಲೆ ತಂತಿ. ಚಪ್ಪಟೆ ಪಟ್ಟಿಯಂಥ ಹಳೆಯ ವೈರ್ ಮಳೆಯಲ್ಲಿ ನೆನೆದರೆ ಚಿತ್ರ ಕೆಡುತ್ತಿತ್ತು. ದುಂಡನೆಯ ಕೋಆ್ಯಕ್ಸಿಯಲ್ ಕೇಬಲ್ ಬಾಳಿಕೆಯದು, ಆದರೆ ಅದನ್ನು ಡೈಪೋಲಿಗೆ ಸೇರಿಸಲು ನಡುವೆ ಬಾಲನ್ ಎಂಬ ಸಣ್ಣ ಭಾಗ ಬೇಕು. ಕೊನೆಯಲ್ಲಿ ಬೂಸ್ಟರ್. ಬೂಸ್ಟರ್ ಇಲ್ಲದ ಚಿತ್ರವನ್ನು ಹುಟ್ಟಿಸುವುದಿಲ್ಲ; ಬಂದಷ್ಟನ್ನು ದೊಡ್ಡದು ಮಾಡುತ್ತದೆ, ಜೊತೆಗೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಅದನ್ನು ಟಿವಿಯ ಪಕ್ಕಕ್ಕಿಂತ ಆ್ಯಂಟೆನಾದ ಬುಡದಲ್ಲೇ ಕೂರಿಸಬೇಕು. ಬೆಟ್ಟದೂರಿನ ಇನ್ನೊಂದು ತೊಡಕು ನೆರಳುಚಿತ್ರ. ನೇರ ಬಂದ ತರಂಗದ ಬೆನ್ನಿಗೆ, ಎದುರು ಗುಡ್ಡಕ್ಕೆ ಬಡಿದು ತಡವಾಗಿ ಬಂದ ತರಂಗವೂ ಸೇರಿ, ಪರದೆಯ ಮೇಲೆ ಒಬ್ಬರ ಪಕ್ಕದಲ್ಲೇ ಅವರದೇ ಮಸುಕು ಬಿಂಬ ಕಾಣುತ್ತಿತ್ತು. ಹೆಚ್ಚು ಕಡ್ಡಿಗಳ ಯಾಗಿ ಹಾಕಿ ದಿಕ್ಕನ್ನು ಬಿಗಿಗೊಳಿಸುವುದೇ ಅದಕ್ಕೆ ಮದ್ದು.

ಬೆಟ್ಟದ ನೆರಳಿನಿಂದಲೇ ಹುಟ್ಟಿದ ಇನ್ನೊಂದು ವ್ಯವಸ್ಥೆ ಕೇಬಲ್ ಟಿವಿ. 1948ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾ, ಆರೆಗಾನ್‌ಗಳಲ್ಲಿ ದೂರದ, ಗುಡ್ಡಗಾಡಿನ ಊರುಗಳವರು ಎತ್ತರದ ಜಾಗದಲ್ಲಿ ಒಂದೇ ದೊಡ್ಡ ಆ್ಯಂಟೆನಾ ನಿಲ್ಲಿಸಿ, ತಂತಿ ಎಳೆದು ಮನೆಗಳಿಗೆ ಹಂಚಿಕೊಂಡರು. ನಮ್ಮಲ್ಲಿ ಅದು ವ್ಯಾಪಾರವಾಗಿ ಬೆಳೆದದ್ದು 1990ರ ದಶಕದಲ್ಲಿ. 1993ರಲ್ಲಿ ಸನ್ ಟಿವಿ, 1994ರಲ್ಲಿ ಉದಯ ಟಿವಿ ಬಂದವು. ಕೇಬಲ್‌ನಿಂದ ಕರ್ನಾಟಕದ ಗಡಿಯ ಈಚೆಗಿನ ಕನ್ನಡ ಮನೆಗಳಿಗೆ ಕನ್ನಡದ ಸಿನಿಮಾ, ವಾರ್ತೆ ಸಿಕ್ಕಿತು. ಅದು ಸಣ್ಣ ಉಪಕಾರವಲ್ಲ. ಆದರೆ ತಿಂಗಳ ಶುಲ್ಕವೂ ಜೊತೆಗೆ ಬಂತು. ಚಹಾ ತೋಟದ ಕೂಲಿಯವರಿಗೆ, ತಂತಿ ಎಳೆಯಲು ಆಗದಷ್ಟು ದೂರದ ಹಟ್ಟಿಗಳವರಿಗೆ ಪ್ರಶ್ನೆ ಹಾಗೆಯೇ ಉಳಿಯಿತು.

ಅದಕ್ಕೆ ಉತ್ತರ ಸಿಕ್ಕಿದ್ದು 2004ರ ಡಿಸೆಂಬರ್ 16ರಂದು. ಆ ದಿನ ಡಿಡಿ ಡೈರೆಕ್ಟ್ ಪ್ಲಸ್ ಆರಂಭವಾಯಿತು. ಈಗ ಅದರ ಹೆಸರು ಡಿಡಿ ಫ್ರೀ ಡಿಶ್. ಒಂದು ಸಲ ಡಿಶ್ ಮತ್ತು ಸೆಟ್-ಟಾಪ್ ಬಾಕ್ಸ್ ಕೊಂಡರೆ ಆಯಿತು, ತಿಂಗಳ ಹಣವಿಲ್ಲ. ದೂರದರ್ಶನದ ಕನ್ನಡ ಚಾನೆಲ್ ಚಂದನವೂ ಅದರಲ್ಲಿದೆ, ಮೊದಲು ಪೊದಿಗೈ ಆಗಿದ್ದ ಡಿಡಿ ತಮಿಳ್ ಕೂಡ ಇದೆ. ಕನ್ನಡ, ತಮಿಳು ಎರಡೂ ಆಡುವ ನಮ್ಮ ಮನೆಗಳಿಗೆ ಇದು ಅನುಕೂಲ.

ಫ್ರೀ ಡಿಶ್ ನೀಲಗಿರಿಗೆ ಯಾಕೆ ಅಷ್ಟು ಒಪ್ಪುತ್ತದೆ? ಅದರ ಪ್ರಸಾರ ಬರುವ ಜಿಸ್ಯಾಟ್-15 ಉಪಗ್ರಹ ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಊಟಿಯಿಂದ ಲೆಕ್ಕ ಹಾಕಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 66 ಡಿಗ್ರಿ ಮೇಲಿದೆ. ಅಷ್ಟು ಎತ್ತರದ ನೋಟಕ್ಕೆ ಯಾವ ಬೆಟ್ಟವೂ ಸುಲಭವಾಗಿ ಅಡ್ಡ ಬರುವುದಿಲ್ಲ. ಯಾಗಿ ಆ್ಯಂಟೆನಾ ಬೆಟ್ಟದ ಗೋಡೆಯ ಆಚೆ ಇಣುಕಬೇಕಿತ್ತು; ಡಿಶ್ ಗೋಡೆಯ ಮೇಲಿಂದಲೇ ನೋಡುತ್ತದೆ. ತಗ್ಗಿನ ಮನೆಗೂ ತುದಿಯ ಮನೆಗೂ ಒಂದೇ ಚಿತ್ರ.

ಇತ್ತ ನೆಲದ ಪ್ರಸಾರ ಮುಗಿಯುತ್ತ ಬಂತು. ಗಡಿಯಂಥ ಕೆಲವು ಮುಖ್ಯ ಸ್ಥಳಗಳ ಟ್ರಾನ್ಸ್‌ಮಿಟರ್‌ಗಳನ್ನು ಬಿಟ್ಟು, ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಮಾರ್ಚ್ ಕೊನೆಯೊಳಗೆ ನಿಲ್ಲಿಸುವುದೆಂದು ಪ್ರಸಾರ ಭಾರತಿ ತೀರ್ಮಾನಿಸಿತು. 2016ರಲ್ಲಿ ಹದಿನಾರು ನಗರಗಳಲ್ಲಿ ನೆಲದ ಡಿಜಿಟಲ್ ಪ್ರಸಾರ ಶುರುವಾಗಿತ್ತು. ಬೆಂಗಳೂರು, ಚೆನ್ನೈ ಆ ಪಟ್ಟಿಯಲ್ಲಿವೆ, ಊಟಿ ಇಲ್ಲ. ಆದ್ದರಿಂದ ಒಂದು ಎಚ್ಚರಿಕೆ. ಕಿಟಕಿಗೆ ಅಂಟಿಸಿದರೆ ನೂರು ಚಾನೆಲ್ ಉಚಿತ ಎಂದು ಮಾರುವ ತೆಳ್ಳನೆಯ "ಡಿಜಿಟಲ್ ಆ್ಯಂಟೆನಾ"ಗಳನ್ನು ನಂಬಿ ಹಣ ಕಳೆದುಕೊಳ್ಳಬೇಡಿ. ಪ್ರಸಾರವಿಲ್ಲದ ಕಡೆ ಯಾವ ಆ್ಯಂಟೆನಾವೂ ಚಿತ್ರ ತರಲಾರದು.

ಹಾಗಾದರೆ ಇಂದು ಏನು ಆರಿಸಬೇಕು? 60 ಸೆಂಟಿಮೀಟರಿನ ಡಿಶ್ ಸಾಮಾನ್ಯವಾಗಿ ಸಾಕು. ಈ ಪ್ರಸಾರದ ತರಂಗ ಎರಡೂವರೆ ಸೆಂಟಿಮೀಟರಿನಷ್ಟು ಕಿರಿದು. ಜೋರು ಮಳೆ ಅದನ್ನು ಹೀರುತ್ತದೆ. ಮುಂಗಾರು ಜಡಿಯುವ ಗೂಡಲೂರು ಕಡೆಯವರು, ಹಿಂಗಾರು ಹೊಯ್ಯುವ ಕೂನೂರು, ಕೋತಗಿರಿಯವರು 75 ಅಥವಾ 90 ಸೆಂಟಿಮೀಟರಿನದು ಹಾಕಿಸಿದರೆ ಮಳೆಗಾಲದಲ್ಲಿ ಚಿತ್ರ ತಪ್ಪುವುದು ಕಡಿಮೆಯಾಗುತ್ತದೆ. ಬೆಟ್ಟ ಅಡ್ಡಿಯಲ್ಲವಾದರೂ ಮರ ಅಡ್ಡಿ. ಆಗ್ನೇಯಕ್ಕೆ ಸಿಲ್ವರ್ ಓಕ್ ಅಥವಾ ನೀಲಗಿರಿ ಮರವಿದ್ದರೆ ಅಳತೆ ಸುಲಭ: ಡಿಶ್‌ನಿಂದ ಮರ ಎಷ್ಟು ದೂರವಿದೆಯೋ ಅದರ ಎರಡು ಪಟ್ಟಿಗಿಂತ ಹೆಚ್ಚು ಎತ್ತರಕ್ಕೆ ಮರ ಬೆಳೆದಿರಬಾರದು. ಎತ್ತರವನ್ನು ಡಿಶ್‌ನ ಮಟ್ಟದಿಂದ ಅಳೆಯಿರಿ. ಮರ ಮುಂದೆ ಬೆಳೆಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಡಿಶ್‌ನ ಮುಖ ಅಷ್ಟೊಂದು ಮೇಲೆ ತಿರುಗಿದಂತೆ ಕಾಣುವುದಿಲ್ಲ. ಅದರ ಬಾಗು ಹಾಗಿರುತ್ತದೆ, ಗಾಬರಿ ಬೇಡ. ಅಲುಗದ ಗೋಡೆಗೆ ಬೋಲ್ಟ್ ಹಾಕಿಸಿ, ತಂತಿಯ ಜೋಡಣೆಗೆ ನೀರು ಇಳಿಯದಂತೆ ಸುತ್ತಿಸಿ, ಸಿಡಿಲಿನಿಂದ ರಕ್ಷಣೆಗೆ ಅರ್ಥಿಂಗ್ ಮಾಡಿಸಿ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಕೆಲವು ಚಾನೆಲ್‌ಗಳು ಸಿಗುವುದಿಲ್ಲ. ಹೊಸ ಟಿವಿ ಕೊಳ್ಳುವವರು ಉಪಗ್ರಹದ ಟ್ಯೂನರ್ ಒಳಗೇ ಇದೆಯೇ ಎಂದು ವಿಚಾರಿಸಿ. ಇದ್ದರೆ ಬಾಕ್ಸ್ ಇಲ್ಲದೆಯೂ ಉಚಿತ ಚಾನೆಲ್‌ಗಳು ಸಿಗಬಹುದು.

ಕೇಳುಗರೇ, ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಗುಡ್ಡ ಕುಸಿದು ರಸ್ತೆ ಮುಚ್ಚಿ ಮೊಬೈಲ್ ಗೋಪುರ ಮೌನವಾದ ದಿನವೂ ಆಕಾಶದಿಂದ ಇಳಿಯುವ ಪ್ರಸಾರ ನಿಲ್ಲುವುದಿಲ್ಲ. ಮನೆಯಲ್ಲಿ ವಿದ್ಯುತ್ತೊಂದು ಇದ್ದರಾಯಿತು. ಯಾರ ಲೆಕ್ಕಪುಸ್ತಕದಲ್ಲೂ ಹೆಸರಿಲ್ಲದೆ, ಡೇಟಾ ಮುಗಿಯುವ ಭಯವಿಲ್ಲದೆ, ಬಡವರೂ ಉಳ್ಳವರೂ ಸಮನಾಗಿ ಪಡೆಯುವ ಸಾರ್ವಜನಿಕ ಸೌಕರ್ಯ ಅದು. ಇಂಟರ್ನೆಟ್ ಇಲ್ಲದೆ ನೇರವಾಗಿ ಮೊಬೈಲಿಗೇ ಟಿವಿ ತಲುಪಿಸುವ ಪ್ರಯೋಗಗಳು ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ ನಡೆದಿವೆ. ಆ ವ್ಯವಸ್ಥೆ ನೆಲದ ಗೋಪುರಗಳಿಂದಲೇ ಬರುತ್ತದೆ. ಬೆಟ್ಟದ ನೆರಳಿನ ಪ್ರಶ್ನೆ ಮತ್ತೆ ಏಳುತ್ತದೆ. ಅದು ನಮ್ಮ ಜಿಲ್ಲೆಗೆ ಬರುವಾಗ ನಗರಗಳ ಜೊತೆಗೆ ಕಣಿವೆಯ ಊರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ನಾವೆಲ್ಲ ಕೇಳಬೇಕು. ಅಲ್ಲಿಯವರೆಗೆ ನೀಲಗಿರಿಯ ಮನೆಗೆ ಉಚಿತ ಟಿವಿಯ ಸರಿಯಾದ ಆ್ಯಂಟೆನಾ ಎಂದರೆ ಆಗ್ನೇಯಕ್ಕೆ ಮುಖ ಮಾಡಿದ ಸಣ್ಣ ಡಿಶ್. ಅಂಗಡಿಗೆ ಹೋಗುವ ಮುನ್ನ ಅಂಗಳದಲ್ಲಿ ನಿಂತು ಆ ದಿಕ್ಕಿನ ಆಕಾಶ ತೆರವಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.