ಹುಣಸೆಮರದಿಂದ ಕಡಲೆಕಾಯಿ ಚೀಲಕ್ಕೆ



ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಪಶ್ಚಿಮ ಆಫ್ರಿಕಕ್ಕೆ ತಂದರು. ಬೆಳೆ ಹೊಸದು, ಆದರೆ ಅದಕ್ಕೆ ಕಂಟಕವಾದ ಹುಳ ಅಲ್ಲಿ ಮೊದಲೇ ಇತ್ತು. ಹುಣಸೆ ಮತ್ತು ನಮ್ಮ ಮಂದಾರದ ಬಳಗಕ್ಕೆ ಸೇರಿದ ಕಾಡುಮರಗಳ ಬೀಜ ಕೊರೆದು ಬದುಕುತ್ತಿದ್ದ ಕಂದು ದುಂಬಿ ಅದು. ಫ್ರೆಂಚ್ ಕೀಟತಜ್ಞ ಒಲಿವಿಯೆ 1790ರಲ್ಲಿ ವರ್ಣಿಸಿದ ಈ ದುಂಬಿಗೆ ಈಗ ಕ್ಯಾರಿಡಾನ್ ಸೆರೇಟಸ್ ಎಂಬ ಹೆಸರಿದೆ.

1840ರ ದಶಕದಿಂದ ಮಾರ್ಸೇಲ್ಸ್‌ನ ಎಣ್ಣೆ ಗಿರಣಿಗಳಿಗೆ ಸೆನೆಗಲ್‌ನ ಕಾಯಿ ಹೋಗತೊಡಗಿತು. 1885ರಲ್ಲಿ ಡಾಕಾರ್–ಸೇಂಟ್ ಲೂಯಿ ರೈಲು ಓಡಿದ ಮೇಲೆ ಬೇಸಾಯ ಇನ್ನಷ್ಟು ಹರಡಿತು. ಹೊಲದಲ್ಲೂ ನಿಲ್ದಾಣಗಳಲ್ಲೂ ಕಾಯಿ ರಾಶಿ ಬಿದ್ದವು. 1916ರಲ್ಲಿ ಪಾಸ್ಟರ್ ಸಂಸ್ಥೆಯ ವಿಜ್ಞಾನಿ ಎಮಿಲ್ ರೂಬೋ ಸೆನೆಗಲ್‌ನ ಕಡಲೆಕಾಯಿ ಕೀಟಗಳ ಬಗ್ಗೆ ಬರೆದ ಹೊತ್ತಿಗೆ ಈ ದುಂಬಿಯ ಕಾಟ ಸಣ್ಣ ತೊಂದರೆಯಾಗಿ ಉಳಿದಿರಲಿಲ್ಲ.

ಗೋದಾಮಿನ ಹುಳಗಳಲ್ಲಿ ಹೆಚ್ಚಿನವಕ್ಕೆ ಸಿಪ್ಪೆ ಒಡೆದಿರಬೇಕು. ಈ ದುಂಬಿಗೆ ಅದು ಬೇಕಿಲ್ಲ. ಕಿತ್ತ ಗಿಡ ಹೊಲದಲ್ಲಿ ಒಣಗುತ್ತಿರುವಾಗಲೇ ಹೆಣ್ಣು ಹಾರಿಬಂದು ಸಿಪ್ಪೆಯ ಮೇಲೆ ಗಸಗಸೆಯಷ್ಟು ಚಿಕ್ಕ ಮೊಟ್ಟೆ ಅಂಟಿಸುತ್ತದೆ. ಮರಿಹುಳು ಮೊಟ್ಟೆಯ ತಳದಿಂದ ನೇರ ಸಿಪ್ಪೆ ಕೊರೆದು ಬೀಜಕ್ಕಿಳಿಯುತ್ತದೆ. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಬೆಳೆದ ಹುಳು ದುಂಡನೆಯ ತೂತು ಮಾಡಿ, ಕಾಗದದಂಥ ತೆಳು ಗೂಡು ಹೆಣೆದುಕೊಂಡಾಗಷ್ಟೇ ಗುಟ್ಟು ರಟ್ಟಾಗುತ್ತದೆ. ಬಿಸಿ ಹವೆಯಲ್ಲಿ ಒಂದು ತಲೆಮಾರಿಗೆ ಸುಮಾರು ಆರು ವಾರ ಸಾಕು. ಆ ತೂತಿನ ಹಿಂದೆಯೇ ಕೆಂಪು ಹಿಟ್ಟಿನ ಹುಳ, ಅಕ್ಕಿ ಪತಂಗ, ಬೂಷ್ಟು ಎಲ್ಲವೂ ಬರುತ್ತವೆ. ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ನನ್ನ ಮಟ್ಟಿಗೆ ತೂಕದ ನಷ್ಟಕ್ಕಿಂತ ಭಯಪಡಬೇಕಾದದ್ದು ಇದಕ್ಕೆ.

ನೈಜೀರಿಯದ ಕಾನೋದಲ್ಲಿ ಕಥೆ ಬೇರೆ. ಅಲ್ಲಿ ಸುಲಿದ ಬೀಜದ ಮೂಟೆಗಳನ್ನು ಪಿರಮಿಡ್ಡುಗಳಂತೆ ಒಟ್ಟಿ ರೈಲಿಗೆ ಕಾಯುತ್ತಿದ್ದರು. ಅವುಗಳಿಗೆ ಖಾಪ್ರಾ ಹುಳ ಬಿತ್ತು. ಅದರ ಮೂಲ ನಮ್ಮ ಭಾರತವೆಂದೇ ಹೇಳುತ್ತಾರೆ. ಇದರ ಮರಿಹುಳು ಆಹಾರವಿಲ್ಲದೆ ವರ್ಷಗಟ್ಟಲೆ ಸಂದಿಯಲ್ಲಿ ಅಡಗಿರಬಲ್ಲದು. 1950ರ ದಶಕದಲ್ಲಿ ಇಡೀ ಪಿರಮಿಡ್ಡಿಗೆ ಹೊದಿಕೆ ಹೊದಿಸಿ ಮೀಥೈಲ್ ಬ್ರೋಮೈಡ್ ಅನಿಲ ಬಿಟ್ಟರು. ಮುಂದೆ ಆ ಅನಿಲ ಓಜೋನ್ ಪದರಕ್ಕೆ ಹಾನಿಯೆಂದು ಗೊತ್ತಾಗಿ, ಮಾಂಟ್ರಿಯಲ್ ಒಪ್ಪಂದದಡಿ ಅದರ ಬಳಕೆಗೆ ಕಡಿವಾಣ ಬಿತ್ತು.

ಸಣ್ಣ ರೈತನಿಗಂತೂ ಅಂಥ ಅನಿಲ ಎಂದೂ ಎಟುಕಿರಲಿಲ್ಲ. ಅವನಿಗೆ ಒದಗಿದ್ದು ಗಾಳಿಯಾಡದ ಚೀಲ. ಕ್ಯಾಮರೂನ್‌ನಲ್ಲಿ ಅಲಸಂದೆ ಕಾಪಾಡಲು 1980ರ ದಶಕದ ಕೊನೆಯಲ್ಲಿ ಶುರುವಾದ ಪ್ರಯೋಗದಿಂದ ಮೂರು ಪದರದ ಚೀಲ ಬಂತು. ಒಳಗಿನ ಆಮ್ಲಜನಕ ಮುಗಿದಂತೆ ಹುಳ ತಿನ್ನುವುದನ್ನು ಬಿಡುತ್ತದೆ, ಸಾಯುತ್ತದೆ. ಆದರೆ ಕಾಯಿ ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ಬೂಷ್ಟು ಕಟ್ಟಿಟ್ಟ ಬುತ್ತಿ.

ನಮ್ಮಲ್ಲಿ ಹುಣಸೆಬೀಜ ಕೊರೆಯುವುದೂ ಇದೇ ದುಂಬಿ. ಅದಕ್ಕೇ ರೈತ ಬಂಧುಗಳಲ್ಲಿ ಒಂದು ಮನವಿ: ಕಡಲೆಕಾಯಿಯನ್ನು ಹುಣಸೆಮರದ ಹತ್ತಿರ ರಾಶಿ ಹಾಕಬೇಡಿ. ಬೇಗ ಒಣಗಿಸಿ, ಬೇಗ ಒಳಗೆ ಸೇರಿಸಿ. ಬಿತ್ತನೆಗೆಂದು ತೆಗೆದಿಟ್ಟ ಸಾದಾ ಚೀಲವನ್ನು ತಿಂಗಳಿಗೊಮ್ಮೆ ಬಿಚ್ಚಿ ನೋಡಿ.