ಗೋಡೆಗಿಂತ ಮೊದಲು ಕಾಗದ



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಮೇಷ್ಟ್ರು ಹೇಳಿದ್ದರು. ನಾನು ಮನೆ ಕಟ್ಟುವ ವಿಚಾರ ಹೇಳುತ್ತೇನೆ, ಕ್ಷಮಿಸಬೇಕು.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು ನಿಮಗೆ ನೆನಪಿರಬಹುದು. ಮಕ್ಕಂದೂರು, ಜೋಡುಪಾಲದಂಥ ಊರುಗಳಲ್ಲಿ ಮನೆಗಳು ಮಣ್ಣುಪಾಲಾದವು. ಸರ್ಕಾರ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಸಂತ್ರಸ್ತರಿಗೆ ಹೊಸ ಮನೆಗಳನ್ನು ಕಟ್ಟಿತು. ಆದರೆ ಗುಡ್ಡದಿಂದ ದೂರವಿದ್ದು, ನೀರು ನುಗ್ಗಿ ಅರ್ಧ ಬಿದ್ದ ಮನೆಗಳೂ ಇದ್ದವು. ಬೆಂಗಳೂರಿನ ನನ್ನ ಸಹೋದ್ಯೋಗಿಯೊಬ್ಬರ ಚರ್ಚಿನ ತಂಡ ಅಂಥ ಮನೆಗಳ ರಿಪೇರಿಗೆ ಹೊರಟಿತು. ನಾನು ಆ ಚರ್ಚಿನವನಲ್ಲ, ಆದರೂ ಜೊತೆಗೆ ಹೋದೆ. ಬೆಳಿಗ್ಗೆ ಅವರು ಪ್ರಾರ್ಥನೆ ಮುಗಿಸುವವರೆಗೆ ನಾನು ಟೀ ಕಾಯಿಸುತ್ತಿದ್ದೆ. ಆಮೇಲೆ ಎಲ್ಲರ ಕೈಯಲ್ಲೂ ಗುದ್ದಲಿ, ಬಾಂಡಲಿ. ಮನೆಯವರ ಜಾತಿ, ಧರ್ಮವನ್ನು ಯಾರೂ ಕೇಳಲಿಲ್ಲ.

ಮೊದಲ ದಿನವೇ ಮೇಸ್ತ್ರಿ ಹೇಳಿದರು: "ಸಾರ್, ಗೋಡೆ ನಾನು ಕಟ್ತೀನಿ. ನೀವು ಕೆಸರು ತೆಗೀರಿ, ಇಟ್ಟಿಗೆ ಹೊರಿ. ನೀವು ಕಟ್ಟಿದ್ದನ್ನ ಕೆಡವಿ ಮತ್ತೆ ಕಟ್ಟೋಕೆ ನನಗೆ ಟೈಮಿಲ್ಲ." ನಾವೆಲ್ಲ ನಕ್ಕೆವು. ಅವರ ಮಾತು ಸರಿಯಾಗಿತ್ತು.

ಇಂಥ ಕೆಲಸ ಬೇರೆ ಕಡೆಯೂ ನಡೆಯುತ್ತದೆ. 1976ರಲ್ಲಿ ಅಮೆರಿಕದಲ್ಲಿ ಕ್ರೈಸ್ತ ದಂಪತಿ ಆರಂಭಿಸಿದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯಲ್ಲಿ ಮನೆ ಪಡೆಯುವ ಕುಟುಂಬವೂ ಸ್ವಯಂಸೇವಕರ ಜೊತೆ ದುಡಿಯುತ್ತದೆ. ಅಲ್ಲಿನ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2006ರಲ್ಲಿ ಲೋನಾವಳದ ಹತ್ತಿರ ಬಂದು ಅವರೊಂದಿಗೆ ಮನೆ ಕಟ್ಟಿದ್ದರು.

ನನಗೆ ಸಿಕ್ಕಿದ ನಿಜವಾದ ಕೆಲಸ ಸಂಜೆಯದು, ಅರ್ಜಿ ಬರೆಯುವುದು. ಒಬ್ಬ ಅಜ್ಜಿಯ ಮನೆಗೆ ನಾವು ಗೋಡೆ ಎಬ್ಬಿಸಿದೆವು. ಪರಿಹಾರದ ಹಣ ಮಾತ್ರ ಬಂದಿರಲಿಲ್ಲ. ಜಾಗ ಇನ್ನೂ ತೀರಿಹೋದ ಗಂಡನ ಹೆಸರಲ್ಲಿತ್ತು. ಪಡಿತರ ಚೀಟಿ ನೀರಲ್ಲಿ ಹೋಗಿತ್ತು. "ಮನೆ ಬಿದ್ದದ್ದು ಎಲ್ಲರಿಗೂ ಕಾಣುತ್ತೆ ಮಗಾ, ಮನೆ ನನ್ನದು ಅಂತ ಯಾರಿಗೂ ಕಾಣಲ್ಲ" ಎಂದರು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಮರುವರ್ಷ, 2019ರ ಆಗಸ್ಟ್‌ನಲ್ಲಿ, ತುಂಗೆ ಉಕ್ಕಿ ನಮ್ಮ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೇ ನುಗ್ಗಿತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಣ ಕಂತಿನಲ್ಲಿ ಬರುತ್ತಿತ್ತು. ತಳಪಾಯ ಆದಾಗ ಒಂದು ಫೋಟೋ, ಗೋಡೆ ಎದ್ದಾಗ ಇನ್ನೊಂದು, ಹೀಗೆ ಹಂತ ಹಂತವಾಗಿ ದಾಖಲಾಗಬೇಕಿತ್ತು. ಓದು ಬಾರದವರು, ಫೋನ್ ಬಳಸಲು ಬಾರದವರು ಅಲ್ಲೇ ಸೋಲುತ್ತಿದ್ದರು.

ಆದ್ದರಿಂದ ಈ ಸುವರ್ಣ ಮಹೋತ್ಸವದಲ್ಲಿ ನನ್ನದೊಂದು ಕೋರಿಕೆ. ಪ್ರತಿ ವರ್ಷ ಮೇ ತಿಂಗಳ ಎರಡು ಭಾನುವಾರ, ಮಳೆ ಹಿಡಿಯುವ ಮುಂಚೆ, ಹಳೆಯ ವಿದ್ಯಾರ್ಥಿಗಳು ಶಾಲೆಯ ಒಂದು ಕೊಠಡಿಯಲ್ಲಿ ಕೂರೋಣ. ಖಾತೆ ಯಾರ ಹೆಸರಲ್ಲಿದೆ, ಆಧಾರ್‌ನಲ್ಲಿ, ಬ್ಯಾಂಕ್ ಪುಸ್ತಕದಲ್ಲಿ ಹೆಸರು ಒಂದೇ ಇದೆಯೇ ಎಂದು ನೋಡೋಣ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ 94ಸಿ, 94ಸಿಸಿ ಅಡಿ ಹಕ್ಕುಪತ್ರ ಸಿಗುವಂತಿದ್ದರೆ ಅರ್ಜಿ ಬರೆದುಕೊಡೋಣ. ಕಾಗದಗಳನ್ನು ಸ್ಕ್ಯಾನ್ ಮಾಡಿ ಮನೆಯವರ ಫೋನಿಗೇ ಹಾಕಿಕೊಡೋಣ. ಇದಕ್ಕೆ ಚಂದಾ ಎತ್ತಬೇಕಿಲ್ಲ. ಲ್ಯಾಪ್‌ಟಾಪ್, ಸ್ಕ್ಯಾನರ್ ನಾನು ತರುತ್ತೇನೆ.

ಕೆಸರು ತೆಗೆಯಲು ನೂರು ಜನ ಓಡಿ ಬರುತ್ತಾರೆ, ನಮ್ಮ ಜನರ ಒಳ್ಳೆಯತನ ಅದು. ಕಾಗದ ನೋಡಲು ಮಾತ್ರ ಯಾರೂ ಬರುವುದಿಲ್ಲ. ಈ ಶಾಲೆ ನಮಗೆ ಓದು ಬರಹ ಕೊಟ್ಟಿದೆ. ಅದನ್ನು ಊರಿಗೆ ತಿರುಗಿ ಕೊಡಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣಲಿಲ್ಲ.

ಬರುವವರು ಊಟವಾದ ಮೇಲೆ ನನ್ನ ಹತ್ತಿರ ಹೆಸರು ಬರೆಸಿ.